ಇಳಿದು ಬಂದ ಕಲ್ಲು

ಈ ಊರು ಎಲ್ಲಿದೆ ಎಂದು ಮೊದಲೇ ಕೇಳಬೇಡಿ. ಕೇಳಿದವರೆಲ್ಲ, ಸದ್ಯ ನಮ್ಮೂರಲ್ಲ ಎಂದು ಗಟ್ಟಿ ಮಾಡಿಕೊಂಡು ಆಮೇಲೆ ನೆಮ್ಮದಿಯಾಗಿ ಕಥೆ ಕೇಳುತ್ತಾರೆ. ಅಷ್ಟು ನೆಮ್ಮದಿ ಒಳ್ಳೆಯದಲ್ಲ. ಗುಡ್ಡದ ಬುಡದಲ್ಲಿ ಒಂದು ಊರಿತ್ತು ಎಂದಿಟ್ಟುಕೊಳ್ಳಿ, ಸಾಕು. ಊರಿನ ಬೆನ್ನಿಗೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಮರವಿಲ್ಲದ ಬಯಲು. ಬಯಲಿನಲ್ಲಿ ಮೊಣಕಾಲುದ್ದದ ಹುಲ್ಲು, ಬಿಟ್ಟೂ ಬಿಡದೆ ಬೀಸುವ ಗಾಳಿ, ಮತ್ತು ಕಲ್ಲಿನ ಗುಪ್ಪೆಗಳು. ನೂರಲ್ಲ, ಇನ್ನೂರಲ್ಲ, ಕಣ್ಣು ಹಾಯುವಷ್ಟು ದೂರ ಗುಪ್ಪೆಗಳೇ. ಒಂದೊಂದು ಗುಪ್ಪೆಯ ಕೆಳಗೆ ಆ ಊರಿನವರು ಒಬ್ಬೊಬ್ಬರು ಮಲಗಿದ್ದರು.

ಊರಿಗೊಂದು ಕಟ್ಟಳೆಯಿತ್ತು. ಯಾರಾದರೂ ಸತ್ತರೆ ಪ್ರತಿಯೊಬ್ಬರೂ ಒಂದೊಂದು ಕಲ್ಲು ಹೊತ್ತು ಬಯಲಿಗೆ ಹತ್ತಬೇಕು. ಸತ್ತವರಿಗೆ ತಾನು ಮಾಡಿದ ತಪ್ಪನ್ನು ಆ ಕಲ್ಲಿಗೆ ಹೇಳಬೇಕು. ಬಾಯಿ ಹತ್ತಿರ ಒಯ್ದು, ಗಾಳಿಗೂ ಕೇಳದ ಹಾಗೆ ಹೇಳಬೇಕು. ಒಬ್ಬರು ಹೇಳುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಹೇಳಿ, ಕಲ್ಲನ್ನು ಗುಪ್ಪೆಗಿಟ್ಟರೆ ಮುಗಿಯಿತು. ತಪ್ಪು ಕಲ್ಲಿಗೆ ಹೋಯಿತು, ಕಲ್ಲು ಬಯಲಿಗೆ ಹೋಯಿತು. ಗುಡ್ಡ ಇಳಿಯುವಷ್ಟರಲ್ಲಿ ತಾನು ಮಾಡಿದ್ದೇನೆಂಬುದೇ ಮರೆತುಹೋಗುತ್ತಿತ್ತು. ವರ್ಷ ತುಂಬುವುದರೊಳಗೆ ಸತ್ತವರ ಮುಖವೂ ಮರೆತುಹೋಗುತ್ತಿತ್ತು. ಯಾವ ಗುಪ್ಪೆ ಯಾರದೆಂದು ಕೇಳಿದರೆ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

'ಕಲ್ಲು ಹತ್ತುತ್ತದೆ, ಇಳಿಯುವುದಿಲ್ಲ' ಎಂಬುದು ಅಲ್ಲಿನ ಗಾದೆ. ಮಗು ಹುಟ್ಟಿದಾಗಲೂ ಅದನ್ನೇ ಹೇಳುತ್ತಿದ್ದರು, ಮದುವೆಯಲ್ಲೂ ಅದನ್ನೇ ಹೇಳುತ್ತಿದ್ದರು.

ಹೀಗಾಗಿ ಅದು ತಲೆಯೆತ್ತಿ ನಡೆಯುವವರ ಊರು. ಅಣ್ಣನ ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಒತ್ತುತ್ತಿದ್ದ ತಮ್ಮ, ಅಣ್ಣನ ಎದುರೇ ಎದೆಯುಬ್ಬಿಸಿ ಹೋಗುತ್ತಿದ್ದ. ಸೊಸೆಗೆ ತಂಗಳು ಬಡಿಸಿ ತಾನು ಬಿಸಿಯುಣ್ಣುವ ಅತ್ತೆ, ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಳು. ಬದುಕಿರುವವರ ಹತ್ತಿರ 'ತಪ್ಪಾಯಿತು' ಎನ್ನುವ ಪದ್ಧತಿಯೇ ಅಲ್ಲಿರಲಿಲ್ಲ. ಯಾಕೆ ಅನ್ನಬೇಕು? ಕಲ್ಲಿಡುವಾಗ ಹೇಳಿದರಾಯಿತು. ತಪ್ಪಿನ ತೂಕಕ್ಕೆ ತಕ್ಕ ಕಲ್ಲು ಹೊರಬೇಕೆಂದು ಕಟ್ಟಳೆಯೇನೋ ಇತ್ತು, ಆದರೆ ಹೆಚ್ಚಿನವರಿಗೆ ಮುಷ್ಟಿಗಾತ್ರದ್ದೇ ಸಾಕಾಗುತ್ತಿತ್ತು. ತಮ್ಮ ತಪ್ಪನ್ನು ತಾವೇ ತೂಗುವಾಗ ಯಾರ ಕೈ ತಾನೇ ಭಾರವಾಗುತ್ತದೆ?

ಆ ಊರಿನಲ್ಲಿ ನೆಲ ನೋಡಿಕೊಂಡು ನಡೆಯುವ ಗಂಡಸು ಒಬ್ಬನೇ. ಅವನೇ ಗುಪ್ಪೆಗಾರ. ಜನ ತಂದ ಕಲ್ಲುಗಳನ್ನು ಉರುಳದಂತೆ ಜೋಡಿಸುವುದು, ಬಯಲಿನ ಕಟ್ಟಳೆಗಳನ್ನು ಊರ ಕಟ್ಟೆಯ ಮೇಲೆ ನಿಂತು ಸಾರುವುದು ಅವನ ಕೆಲಸ. "ಎಷ್ಟು ವಿನಯ ನೋಡಿ! ಇಷ್ಟು ದೊಡ್ಡ ಜಾಗದಲ್ಲಿದ್ದರೂ ಒಂದು ದಿನ ತಲೆ ಎತ್ತಿದವನಲ್ಲ" ಎಂದು ಊರು ಅವನನ್ನು ಹೊಗಳುತ್ತಿತ್ತು. ಆ ವಿನಯಕ್ಕೇ ಆ ಕೆಲಸ ಕೊಟ್ಟಿದ್ದರು. ಹೊಗಳಿದಷ್ಟೂ ಅವನ ತಲೆ ಇನ್ನಷ್ಟು ಕೆಳಗಾಗುತ್ತಿತ್ತು. ಅದು ವಿನಯವಲ್ಲ, ನಾಚಿಕೆ. ಮೂವತ್ತು ವರ್ಷದ ನಾಚಿಕೆ.

ಮೂವತ್ತು ವರ್ಷದ ಹಿಂದೆ ಅವನಿಗೆ ಮದುವೆ ಗೊತ್ತಾಗಿತ್ತು. ಹೊಸದಾಗಿ ಮಣ್ಣಿನ ಮನೆ ಕಟ್ಟಿದ್ದ. ಅಷ್ಟು ತಲೆಮಾರು ಕಲ್ಲು ಹೊತ್ತು ಹೊತ್ತು ಊರಿನಲ್ಲಿ ಒಂದೇ ಒಂದು ಒಳ್ಳೆಯ ಕಲ್ಲು ಉಳಿದಿರಲಿಲ್ಲ. ಗೋಡೆಯೂ ಮಣ್ಣು, ಮೆಟ್ಟಿಲೂ ಮಣ್ಣು, ಹೊಸಿಲು ಮಾತ್ರ ಮರ. ಆ ಮರವೂ ನಾಲ್ಕು ಮಳೆಗಾಲಕ್ಕೆ ಗೆದ್ದಲು ಹಿಡಿಯುತ್ತಿತ್ತು. ಬರುವ ಹೆಣ್ಣು ಗೆದ್ದಲು ಹಿಡಿಯದ ಹೊಸಿಲು ದಾಟಿ ಒಳಗೆ ಬರಲಿ ಎಂದು ಅವನಿಗೆ ಆಸೆಯಾಯಿತು. ಊರಿನಲ್ಲಿ ಯಾರಿಗೂ ಇಲ್ಲದ್ದು ತನಗಿರಲಿ ಎಂದೂ ಆಸೆಯಾಯಿತು. ಇಷ್ಟೇ. ಕೊಲೆಯಲ್ಲ, ದರೋಡೆಯಲ್ಲ, ಒಂದು ಹೊಸಿಲಿನ ಆಸೆ.

ಮಂಜು ಕವಿದ ಒಂದು ಬೆಳಗ್ಗೆ ಬಯಲಿಗೆ ಹತ್ತಿದ. ಒಂದು ಗುಪ್ಪೆಯ ಪಕ್ಕದಲ್ಲಿ ಉದ್ದನೆಯ ಚಪ್ಪಡಿಯೊಂದು ಒರಗಿತ್ತು. ಅಷ್ಟು ದೊಡ್ಡ ಕಲ್ಲನ್ನು ಯಾರು ಹೊತ್ತು ತಂದರೋ, ಎಂಥ ತಪ್ಪಿಗೆ ತಂದರೋ ಎಂದು ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ. ಆಮೇಲೆ, ಯಾರದೆಂದು ಯಾರಿಗೆ ನೆನಪಿದೆ ಎಂದು ಅದನ್ನು ಬೆನ್ನಿಗೇರಿಸಿದ. ಮಂಜಿನಲ್ಲಿ ಹೆಜ್ಜೆ ಹುಡುಕಿಕೊಂಡು ಇಳಿದ. ಹಾವಸೆ ಉಜ್ಜಿ ತೆಗೆದು, ತೊಳೆದು, ಬಾಗಿಲಿಗೆ ಕೂರಿಸಿದ. ಕೇಳಿದವರಿಗೆ ಹಳ್ಳದಲ್ಲಿ ಸಿಕ್ಕಿತೆಂದ.

ಮದುವೆಯ ಮಾರನೆಯ ದಿನ ಗುಲ್ಲೆದ್ದಿತು. ಗುಪ್ಪೆಯೊಂದರ ಕಲ್ಲು ಕಾಣೆಯಾಗಿದೆಯಂತೆ, ಅದು ಒರಗಿದ್ದ ಕಡೆ ಹುಲ್ಲು ಬಿಳಿಚಿಕೊಂಡಿದೆಯಂತೆ! ಹತ್ತಿದ ಕಲ್ಲು ಇಳಿದಿದೆಯಂತೆ! ಊರೆಲ್ಲ ಕಟ್ಟೆಯ ಬಳಿ ನೆರೆಯಿತು. ಊರ ಹಿರಿಯ ಎದ್ದು ನಿಂತು, "ಯಾವನೋ ಕದ್ದೋನು?" ಎಂದು ಗುಡುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮದುಮಗನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. ಕಲ್ಲಿನ ಅಂಚು ಕೊರೆದ ಗಾಯ ಅಲ್ಲಿ ಇನ್ನೂ ಹಸಿಯಾಗಿತ್ತು. ಯಾರೂ ನೋಡಲಿಲ್ಲ. ಹಿಂದಿನ ದಿನ ಅದೇ ಹೊಸಿಲು ದಾಟಿ ಅವರೆಲ್ಲ ಮದುವೆಯೂಟ ಉಂಡು, ಭೇಷ್ ಕಲ್ಲು ಎಂದು ಹೊಗಳಿ ಹೋಗಿದ್ದರು. ಅಳತೆ ಹಿಡಿದು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಬರುವುದಕ್ಕೆ ಬಿಡುವೂ ಇರಲಿಲ್ಲ. ಅಷ್ಟರಲ್ಲಿ ಗುಡ್ಡದ ದಾರಿಯಲ್ಲಿ ಒಬ್ಬ ಹೆಂಗಸು ಅಳುತ್ತ ಇಳಿದು ಬಂದಳು. ಬಯಲಿನ ಅಂಚಿನಲ್ಲಿ ಕುರಿ ಕಾಯುತ್ತಿದ್ದವಳು. ಅವಳ ತಲೆ ಬಾಗಿತ್ತು. ತಲೆ ಬಾಗಿದವರನ್ನು ಕಂಡೇ ಗೊತ್ತಿಲ್ಲದ ಊರು ಅದು, ಆದರೂ ಆ ತಲೆಯ ಅರ್ಥ ಎಲ್ಲರಿಗೂ ತಟ್ಟನೆ ಹೊಳೆಯಿತು. "ಇವಳೇ! ತಪ್ಪು ಮಾಡದಿದ್ದರೆ ಯಾಕೆ ತಲೆ ತಗ್ಗಿಸ್ತಾಳೆ?" ಎಂದರು. ಅವಳು ಏನೋ ಹೇಳಹೊರಟಳು. ಅವಳ ಬಾಯಿ ತೆರೆಯುತ್ತಲೇ ಊರು ಅಭ್ಯಾಸಬಲದಿಂದ ಬೆನ್ನು ತಿರುಗಿಸಿತು. ಕೇಳಲಿಲ್ಲ.

ಹಿರಿಯ ಶಿಕ್ಷೆ ಹೇಳಿದ. ಇವಳು ಊರಿನ ಯಾವ ಹೊಸಿಲನ್ನೂ ದಾಟಕೂಡದು. ಇವಳು ಸತ್ತರೆ ಯಾರೂ ಕಲ್ಲು ಹೊರಕೂಡದು. ಮದುಮಗ ಅಲ್ಲೇ ನಿಂತಿದ್ದ. ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ. ಬಿಡದ ಬಾಯಿ ಮುಚ್ಚಿಕೊಂಡು ನೆಲ ನೋಡಿದ. ಆವತ್ತು ನೋಡಿದ ನೆಲದಿಂದ ಅವನ ಕಣ್ಣು ಮತ್ತೆ ಮೇಲಕ್ಕೆ ಬರಲಿಲ್ಲ.

ಅಂದಿನಿಂದ ಪ್ರತಿ ಬೆಳಗ್ಗೆ ಅವನ ಹೆಂಡತಿ ಆ ಹೊಸಿಲಿಗೆ ತಂಬಿಗೆ ತುಂಬ ನೀರು ಹಾಕಿ ತೊಳೆಯುತ್ತಿದ್ದಳು. ಅರಿಶಿನ ಹಚ್ಚುತ್ತಿದ್ದಳು, ಕುಂಕುಮವಿಡುತ್ತಿದ್ದಳು, ಎಳೆ ತಪ್ಪದಂತೆ ರಂಗೋಲಿ ಬಿಡುತ್ತಿದ್ದಳು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. "ಎಂಥಾ ಕಲ್ಲು ತಂದಿರಿ ನೋಡಿ, ಮನೆಗೆ ಲಕ್ಷಣ ಅಂದ್ರೆ ಇದು" ಎನ್ನುತ್ತಿದ್ದಳು. ಗುಪ್ಪೆಗಾರ ಪಡಸಾಲೆಯಲ್ಲಿ ಕೂತು ಅದನ್ನು ನೋಡುತ್ತಿದ್ದ. ಮೂವತ್ತು ವರ್ಷ ನೋಡಿದ. ಹೊರಗೆ ಹೋಗುವಾಗ ಒಂದು ಸಲ, ಒಳಗೆ ಬರುವಾಗ ಒಂದು ಸಲ, ತನ್ನ ತಪ್ಪನ್ನು ದಾಟುತ್ತಿದ್ದ. ಅದನ್ನು ಹೇಳಿ ಇಳಿಸಿಕೊಳ್ಳಲು ಅವನಿಗೊಂದು ಕಲ್ಲೂ ಇರಲಿಲ್ಲ. ಕುರಿಯವಳಿಗೆ ಗುಪ್ಪೆಯಿಲ್ಲ ಎಂದಮೇಲೆ ಅವಳಿಗೆ ಮಾಡಿದ ತಪ್ಪನ್ನು ಎಲ್ಲಿಡುವುದು?

ಹೀಗಿರುವಾಗ ಒಂದು ಸಂಜೆ ಕುರಿಗಳು ತಾವಾಗಿಯೇ ಗುಡ್ಡ ಇಳಿದು ಬಂದು ಊರ ಹೊರಗಿನ ಕೆರೆಯಲ್ಲಿ ನೀರು ಕುಡಿದು ಹೋದವು. ಹಿಂದೆ ಕುರಿಯವಳಿರಲಿಲ್ಲ. ಮರುದಿನವೂ ಹಾಗೇ. ಮೂರನೆಯ ದಿನ ಹಿರಿಯ ಗುಪ್ಪೆಗಾರನನ್ನು ಕಟ್ಟೆಗೆ ಕರೆಸಿದ. ಈ ಹಿರಿಯ ಹಳೆಯ ಹಿರಿಯನ ಮಗ. ಹಳೆಯವನ ಗುಪ್ಪೆ ಯಾವುದೆಂದು ಇವನಿಗೆ ಗೊತ್ತಿರಲಿಲ್ಲ.

"ಅವಳು ಹೋದ ಹಾಗೆ ಕಾಣ್ತದೆ ಕಣಪ್ಪ. ಕಟ್ಟಳೆ ಸಾರಿಬಿಡು. ಮೂರು ಸಲ ಹೇಳು, ಅವಳಿಗೆ ಕಲ್ಲಿಲ್ಲ ಅಂತ."

ಗುಪ್ಪೆಗಾರ ಕಟ್ಟೆ ಹತ್ತಿದ. ಬಾಯಿ ತೆರೆದ. ಜನ ಕಾದರು. ಮೂವತ್ತು ವರ್ಷದ ಹಿಂದೆ ಸುಮ್ಮನಿದ್ದು ಮಾಡಿದ ತಪ್ಪನ್ನು ಈಗ ಬಾಯಿಬಿಟ್ಟು ಮಾಡಬೇಕಾಗಿತ್ತು.

"ಸತ್ತಿದ್ದಾಳೋ ಇಲ್ವೋ, ಮೊದಲು ನೋಡ್ಕೊಂಡು ಬರ್ತೀನಿ" ಎಂದು ಕಟ್ಟೆಯಿಂದ ಇಳಿದುಬಿಟ್ಟ.

"ನೋಡಪ್ಪ, ಎಂಥ ನಿಧಾನಸ್ಥ" ಎಂದು ಊರು ಅದನ್ನೂ ಹೊಗಳಿತು.

ಗುಡ್ಡ ಹತ್ತುವಾಗ ಅವನ ಮನಸ್ಸು ಏನೆಂದಿತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಸತ್ತಿರಲಿ ಎಂದಿತು. ಸತ್ತಿದ್ದರೆ ಮುಖ ನೋಡುವ ಕಷ್ಟವಿಲ್ಲ. ಯಾರೂ ಇಲ್ಲದ ಬಯಲಿನಲ್ಲಿ ಒಂದು ಕಲ್ಲಿಗೆ ಎಲ್ಲವನ್ನೂ ಹೇಳಿ, ಅವಳ ಎದೆಯ ಮೇಲಿಟ್ಟು, ಹಗುರಾಗಿ ಇಳಿದು ಬರಬಹುದು. ಹಾಗೆಂದುಕೊಂಡ ಮನಸ್ಸಿಗೆ ಅವನೇ ಹೇಸಿದ. ಹೇಸಿಕೊಂಡೇ ದಾರಿಬದಿಯಲ್ಲಿ ಬಗ್ಗಿ ಮುಷ್ಟಿಗಾತ್ರದ ಒಂದು ಕಲ್ಲು ಎತ್ತಿಕೊಂಡ.

ಕುರಿಯವಳ ಗುಡಿಸಲು ಬಯಲಿನ ಅಂಚಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತಿತ್ತು. ಬಾಗಿಲಿಗೆ ಹೊಸಿಲಿರಲಿಲ್ಲ. ಒಳಗೆ ಕಂಬಳಿಯ ಮೇಲೆ ಅವಳು ಗೋಡೆಗೊರಗಿ ಕೂತಿದ್ದಳು. ಒಂದು ಕಾಲು ಊದಿ ಕುಂಬಳಕಾಯಿಯಾಗಿತ್ತು. ಪಕ್ಕದಲ್ಲಿ ಒಂದು ಕುರಿ, ತಾನೂ ಕೆಳಗಿಳಿಯದೆ ಅವಳ ಜೊತೆಯಲ್ಲೇ ಉಳಿದಿತ್ತು. ಅವಳು ಕಣ್ಣು ತೆರೆದು ಬಂದವನನ್ನು ನೋಡಿದಳು. ಅವನ ಕೈ ನೋಡಿದಳು.

"ಏನಪ್ಪ ಅದು ಕೈಯಾಗೆ?"

ಗುಪ್ಪೆಗಾರ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ.

"ಕಲ್ಲಾ?" ಎಂದಳು. "ಇನ್ನೂ ಉಸಿರಾಡ್ತಾ ಇದೀನಿ ಕಣೋ. ಮೂರು ದಿನದಿಂದ ಕುರಿ ಹಾಲು ಕುಡ್ಕೊಂಡು ಬಾಯೆಲ್ಲ ಹುಳಿ ಹುಳಿ ಆಗೈತೆ. ಒಂದು ಗುಟುಕು ನೀರಿಲ್ಲ. ಬಂದೋನು ಕಲ್ಲು ತಂದ್ಯಾ?"

ಅವನು ನಾಚಿಕೆಯಲ್ಲಿ ಮೂವತ್ತು ವರ್ಷ ಕಳೆದವನು. ನಾಚಿಕೆಯ ತಳ ಮುಟ್ಟಿದ್ದೇನೆ ಎಂದುಕೊಂಡಿದ್ದ. ಆ ತಳದ ಕೆಳಗೆ ಇನ್ನೊಂದು ತಳವಿದೆ ಎಂದು ಆಗ ಗೊತ್ತಾಯಿತು. ಕಲ್ಲು ಕೈಜಾರಿ ನೆಲಕ್ಕೆ ಬಿತ್ತು.

"ಅಕ್ಕಾ" ಎಂದ. ಅವಳನ್ನು ಆ ಊರಿನವರು ಯಾರಾದರೂ ಹಾಗೆ ಕರೆದು ಮೂವತ್ತು ವರ್ಷವಾಗಿತ್ತು. "ಚಿಲುಮೆಯಿಂದ ನೀರು ತರ್ತೀನಿ, ಈಗ ತಂದೆ."

"ನಿಲ್ಲು. ಮೊದಲು ಯಾಕೆ ಬಂದೆ ಅಂತ ಹೇಳು. ಮೂವತ್ತು ವರ್ಷದಾಗೆ ಈ ಕಡೆ ಹಾಯದೋನು ನೀನು. ಗುಪ್ಪೆ ಕೆಲಸಕ್ಕೆ ಬಂದಾಗೆಲ್ಲ ಸುತ್ತು ಹಾಕ್ಕೊಂಡು ಆ ಕಡೆಯಿಂದ ಹೋಗ್ತಿದ್ದೆ. ನಾನು ನೋಡಿಲ್ಲ ಅಂದ್ಕೊಂಡ್ಯಾ?"

ಗುಪ್ಪೆಗಾರ ಅವಳ ಎದುರು ಕೂತ. ಬದುಕಿರುವವರಿಗೆ ತಪ್ಪು ಹೇಳುವುದು ಹೇಗೆಂದು ಆ ಊರಲ್ಲಿ ಯಾರೂ ಯಾರಿಗೂ ಕಲಿಸಿರಲಿಲ್ಲ. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು, ಯಾವ ಮಾತಿನಿಂದ ತೊಡಗಬೇಕು, ಒಂದೂ ಗೊತ್ತಿರಲಿಲ್ಲ. ಕಲ್ಲಿಗೆ ಹೇಳುವವರಂತೆ ಬಗ್ಗಿ, ನೆಲಕ್ಕೆ ಬಾಯಿಟ್ಟು ಮಾತಾಡತೊಡಗಿದ.

"ನೆಲಕ್ಕೆ ಯಾಕೆ ಹೇಳ್ತೀಯ? ಕಿವಿ ಇರೋದು ನಂಗೆ" ಎಂದಳು.

ಅವನು ತಲೆಯೆತ್ತಲಾರದೆ, ದನಿಯನ್ನಷ್ಟೇ ಎತ್ತಿ ಹೇಳಿದ. ಮದುವೆ ಹೇಳಿದ, ಗೆದ್ದಲು ಹೇಳಿದ, ಮಂಜು ಹೇಳಿದ, ಚಪ್ಪಡಿ ಹೇಳಿದ. "ನಾನು ಕದ್ದೆ. ನಿನ್ನ ಮೇಲೆ ಬಂತು. ಬಾಯಿ ಮುಚ್ಕೊಂಡಿದ್ದೆ" ಎಂದ.

ಗಾಳಿ ಗುಡಿಸಲನ್ನು ಒಂದು ಸುತ್ತು ಸುತ್ತಿ ಹೋಯಿತು.

"ಆ ಚಪ್ಪಡಿ ಮೇಲೆ ಅಡ್ಡಕ್ಕೊಂದು ಬಿಳೀ ಗೆರೆ ಐತಾ?" ಎಂದು ಕೇಳಿದಳು.

"ಐತೆ."

"ಒಂದು ಮೂಲೆ ಮುಕ್ಕಾಗಿ?"

"ಹೂಂ."

"ಅದು ನಾನಿಟ್ಟ ಕಲ್ಲು" ಎಂದಳು. "ನಮ್ಮಮ್ಮನ ಗುಪ್ಪೆದು."

ಆಮೇಲೆ ನಿಧಾನವಾಗಿ, ಒಣಗಿದ ತುಟಿಯನ್ನು ಆಗಾಗ ನಾಲಿಗೆಯಿಂದ ಸವರಿಕೊಳ್ಳುತ್ತ ಹೇಳಿದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ, ನೀರು ಕೊಡು ಮಗಳೇ ಎಂದಳು. ಬಂದೆ ಎಂದಳು ಮಗಳು. ಅಷ್ಟರಲ್ಲಿ ಒಂದು ಮರಿ ಹಿಂಡು ತಪ್ಪಿತು. ಅದರ ಹಿಂದೆ ಹೋದಳು. ಮರಿ ಸಿಕ್ಕಿತು. ತಿರುಗಿ ಬರುವಷ್ಟರಲ್ಲಿ ತಾಯಿಯ ಕೈ ಮಡಕೆಯ ಕಡೆಗೆ ಚಾಚಿಕೊಂಡೇ ತಣ್ಣಗಾಗಿತ್ತು. ಆ ತಪ್ಪಿಗೆ ಮುಷ್ಟಿಗಾತ್ರದ ಕಲ್ಲು ಸಾಲದೆಂದು ಅವಳು ಚಪ್ಪಡಿಯನ್ನೇ ಬೆನ್ನ ಮೇಲೆ ಹೊತ್ತಿದ್ದಳು. ಅದಕ್ಕೆ ಹೇಳಿ ಇಟ್ಟ ಮೇಲೆ ಎಲ್ಲರಂತೆ ಮರೆತಿದ್ದಳು. ತಪ್ಪು ಮರೆಯಿತು, ನೀರು ಮರೆಯಿತು, ತಾಯಿಯ ಮುಖವೂ ಮಸುಕಾಗುತ್ತ ಬಂದಿತ್ತು.

"ಎರಡು ವರ್ಷ ಹಾಡ್ಕೊಂಡು ಕುರಿ ಕಾದೆ. ಒಂದಿನ ಬೆಳಿಗ್ಗೆ ಮಂಜಿತ್ತು. ಹಾಲು ಕರೀತಾ ಕೂತಿದ್ದೆ. ಕಿವಿಯಾಗೆ ಅಮ್ಮ 'ನೀರು' ಅಂದ್ಲು. ಎಲ್ಲಾ ಒಂದೇ ಸಲಕ್ಕೆ ವಾಪಸ್ ಬಂತು. ಕರೆದ ಹಾಲು ಚೆಲ್ಲಿ ಓಡಿದೆ. ಕಲ್ಲಿಲ್ಲ. ಎರಡು ದಿನ ಬಯಲೆಲ್ಲ ಹುಡುಕಿದೆ. ಊರಿಗೆ ಹೇಳೋಣ ಅಂತ ಇಳಿದು ಬಂದೆ. ನೀನೂ ಅಲ್ಲೇ ಇದ್ದೆ."

"ಇದ್ದೆ."

ಅವಳ ಮಾನವನ್ನಷ್ಟೇ ಕದ್ದಿದ್ದೇನೆ ಎಂದು ಗುಪ್ಪೆಗಾರ ಅಂದುಕೊಂಡಿದ್ದ. ಮೂವತ್ತು ವರ್ಷದ ಅವಳ ನಿದ್ದೆಯನ್ನೂ ಕದ್ದಿದ್ದ.

"ಅಕ್ಕಾ, ಇವತ್ತೇ ಅದನ್ನ ಕಿತ್ತು ಹೊತ್ಕೊಂಡು ಬರ್ತೀನಿ. ಊರೆಲ್ಲ ನೋಡ್ಲಿ. ಇದ್ದ ಜಾಗಕ್ಕೇ ಇಡ್ತೀನಿ. ನಿನಗೆ ಮತ್ತೆ ಎಲ್ಲಾ ಮರೆತುಹೋಗ್ತದೆ. ಹಗುರ ಆಗ್ತೀಯ."

ಕುರಿಯವಳು ನಕ್ಕಳು. ಸಂತೋಷದ ನಗೆಯಲ್ಲ ಅದು.

"ಈ ಬಯಲಾಗೆ ಎಷ್ಟು ಗುಪ್ಪೆ ಐತೆ, ಎಣಿಸಿದೀಯಾ? ಒಂದಾದ್ರೂ ಯಾರದು ಅಂತ ಗೊತ್ತಾ ನಿಂಗೆ? ನಿಮ್ಮಪ್ಪನದು ಯಾವುದು, ತೋರಿಸು ನೋಡಾನ."

ಗುಪ್ಪೆಗಾರ ಬಾಗಿಲಿನಾಚೆ ನೋಡಿದ. ಆ ಗುಪ್ಪೆಗಳನ್ನು ಜೋಡಿಸಿದವನು ಅವನು. ಗೊತ್ತಿರಲಿಲ್ಲ.

"ನಮ್ಮಮ್ಮ ಎಲ್ಲವಳೆ ಅಂತ ನಂಗೆ ಗೊತ್ತು. ಅವಳ ಮೂಗಿನ ಮೇಲಿನ ಮಚ್ಚೆ ಗೊತ್ತು. ನೀರು ಕೇಳಿದ ದನಿ ಗೊತ್ತು. ಈ ಊರಾಗೆ ಸತ್ತೋರ ಮುಖ ನೆನಪಿರೋಳು ನಾನೊಬ್ಬಳೇ. ಸುಡುಸುಡು ಕೆಂಡ ಅದು. ಆದ್ರೂ ಬಿಡಾಕಿಲ್ಲ. ಹಗುರ ಆಗೋ ಆಸೆ ನಿಂದು ತಮ್ಮಾ, ನನ್ನದಲ್ಲ."

ಆ ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು.

"ಆ ಕಲ್ಲಿಗೆ ನಿನ್ನ ಹೆಂಡ್ತಿ ಏನ್ ಮಾಡ್ತಾಳೆ?" ಎಂದು ಅವಳು ಕೇಳಿದಳು.

"ದಿನಾ ಬೆಳಿಗ್ಗೆ ತಂಬಿಗೆ ತುಂಬ ನೀರು ಹಾಕಿ ತೊಳೀತಾಳೆ. ಅರಿಶಿನ ಹಚ್ತಾಳೆ. ಕಣ್ಣಿಗೊತ್ಕೊಳ್ತಾಳೆ."

"ದಿನಾ?"

"ಒಂದಿನ ತಪ್ಪಿಸಿಲ್ಲ."

ಕುರಿಯವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನೊಳಗಿಂದ ಅವಳ ಮಾತು ಕೇಳಿಸಿತು. "ನಾನು ಒಂದಿನ ಕೊಡಲಿಲ್ಲ. ಆ ಮಾರಾಯ್ತಿ ದಿನಾ ಕೊಟ್ಟವಳೆ."

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಹೇಳಿದಳು. "ಕಲ್ಲು ಅಲ್ಲೇ ಇರ್ಲಿ. ನನ್ನ ಅಲ್ಲಿಗೆ ಹೊತ್ಕೊಂಡು ಹೋಗು. ಆವತ್ತು ಕಲ್ಲು ಹೊತ್ತೆಯಲ್ಲ, ಅದೇ ದಾರಿಯಾಗೆ. ನಾನು ಇವತ್ತು ನೀರು ಕುಡಿಯೋದು ನಿನ್ನ ಮನೇಲೇ."

ಗುಪ್ಪೆಗಾರ ಬೆನ್ನು ಕೊಟ್ಟು ಬಗ್ಗಿದ. ಅವಳು ಅವನ ಕೊರಳಿಗೆ ಕೈ ಹಾಕಿದಳು. ಕಲ್ಲು ಕೊರೆದ ಹಳೆಯ ಗಾಯದ ಕಲೆಯ ಮೇಲೆಯೇ ಅವಳ ಮೊಣಕೈ ಬಂದು ಕೂತಿತು. ಹಿಂದೆ ಕುರಿ ಬಂತು.

ಅವನಿಗೂ ವಯಸ್ಸಾಗಿತ್ತು. ಗುಪ್ಪೆಗಳ ನಡುವೆ ಹತ್ತು ಹೆಜ್ಜೆಗೊಮ್ಮೆ ನಿಂತ, ನಿಂತು ಉಸಿರೆಳೆದ, ಮತ್ತೆ ನಡೆದ. ಅವಳು ಒಂದು ಗುಪ್ಪೆಯ ಬಳಿ "ತಡಿ" ಎಂದಳು. ಪಕ್ಕದಲ್ಲಿ ಚಪ್ಪಡಿ ಒರಗಿದ್ದ ಕಡೆ ಹುಲ್ಲು ಬೆಳೆದಿತ್ತು. ಅವಳು ಅದನ್ನು ನೋಡಿದಳು, ನಡಿ ಎಂದಳು. ಚಿಲುಮೆಯ ಹತ್ತಿರ ಅವನು ತಾನಾಗಿಯೇ ನಿಂತ. ನೀರು ಕಲ್ಲಿನ ಸಂದಿಯಿಂದ ಸದ್ದು ಮಾಡುತ್ತ ಬೀಳುತ್ತಿತ್ತು. ಅವಳ ಗಂಟಲು ಒಣಗಿ ಗೊರಗುಟ್ಟುವುದು ಅವನ ಕಿವಿಗೇ ಕೇಳುತ್ತಿತ್ತು.

"ಒಂದು ಗುಟುಕಾದ್ರೂ ಕುಡಿ ಅಕ್ಕ."

"ಇಲ್ಲಿ ಬ್ಯಾಡ. ನಡಿ."

ಆವತ್ತು ಮಂಜಿತ್ತು. ಇವತ್ತು ನಡುಹಗಲ ಬಿಸಿಲು. ಊರಿನವರು ದೂರದಿಂದಲೇ ಕಂಡರು. ಗುಪ್ಪೆಗಾರ ಹೆಣ ಹೊತ್ತು ತರುತ್ತಿದ್ದಾನೆ ಎಂದುಕೊಂಡರು. ಹತ್ತಿರ ಬಂದಾಗ ಹೆಣ ಕಣ್ಣು ತೆರೆದು ಅವರನ್ನು ನೋಡಿತು. ಹಿರಿಯ ಓಡೋಡಿ ಬಂದು ಬೀದಿಗೆ ಅಡ್ಡ ನಿಂತ.

"ಏನಯ್ಯಾ ಇದು? ಕಟ್ಟಳೆ ಸಾರೋನೇ ಕಟ್ಟಳೆ ಮುರಿಯೋದಾ? ಅವಳು ಹೊಸಿಲು ದಾಟಂಗಿಲ್ಲ!"

ಗುಪ್ಪೆಗಾರ ನಿಂತ. ಬೆನ್ನ ಮೇಲಿನ ಭಾರವನ್ನು ಒಮ್ಮೆ ಸರಿಮಾಡಿಕೊಂಡ. "ಕಲ್ಲು ಕದ್ದೋನು ನಾನು" ಎಂದ. ಮೊದಲ ಸಲ ಮೆಲ್ಲಗೆ ಬಂತು. ಎರಡನೆಯ ಸಲ ಕೂಗಿದ. "ಕಲ್ಲು ಕದ್ದೋನು ನಾನು! ಇವಳಲ್ಲ! ನನ್ನ ಮನೆ ಹೊಸಿಲೇ ಆ ಕಲ್ಲು! ನೀವೆಲ್ಲ ದಾಟಿದೀರಿ!"

ಆಗ ನಡೆದದ್ದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಊರಿಗೆ ಊರೇ ಬೆನ್ನು ತಿರುಗಿಸಿತು. ಸಿಟ್ಟಿನಿಂದಲ್ಲ, ಅಭ್ಯಾಸದಿಂದ. ಒಬ್ಬ ತನ್ನ ತಪ್ಪು ಹೇಳುತ್ತಿದ್ದಾನೆ, ನಾವು ತಿರುಗಿ ನಿಲ್ಲಬೇಕು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಮುದುಕರು ತಿರುಗಿದರು, ಹೆಂಗಸರು ತಿರುಗಿದರು, ಹಿರಿಯನೂ ತಿರುಗಿದ. ಬೀದಿಯ ಎರಡು ಬದಿಯಲ್ಲೂ ಬೆನ್ನುಗಳ ಸಾಲು. ಗುಪ್ಪೆಗಾರ ಆ ಬೆನ್ನುಗಳಿಗೆಲ್ಲ ಹೇಳಿದ. ಮನೆಯಿಂದ ಮನೆಗೆ ಹೇಳುತ್ತ ನಡೆದ. ಬೀದಿಯ ಕೊನೆಯಲ್ಲಿ ಒಂದೇ ಒಂದು ಮುಖ ಅವನ ಕಡೆಗಿತ್ತು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯದು. ಅವಳು ಕೇಳಿಸಿಕೊಂಡಿದ್ದಳು.

"ಮೂವತ್ತು ವರ್ಷ" ಎಂದಳು. "ಮೂವತ್ತು ವರ್ಷ ನಾನು ಇದಕ್ಕೆ ಕೈ ಮುಗಿಯೋದನ್ನ ನೋಡ್ಕೊಂಡು ಕೂತಿದ್ರಲ್ಲ. ಒಂದಿನ, ಒಂದೇ ಒಂದಿನ, ಬೇಡ ಕಣೇ ಅನ್ನೋಕೆ ಬಾಯಿ ಬರಲಿಲ್ವಾ ನಿಮಗೆ?"

ಅವನು ಬಗ್ಗಿ ಕುರಿಯವಳನ್ನು ಇಳಿಸಿದ. ಹೆಂಡತಿ ಗಂಡನ ಕಡೆ ಮತ್ತೆ ನೋಡದೆ, ಮುಂದೆ ಬಂದು ಕುರಿಯವಳ ತೋಳು ಹಿಡಿದಳು. "ಒಳಗೆ ಬನ್ನಿ ಅಕ್ಕ" ಎಂದಳು.

ಕುರಿಯವಳು ಒಳಗೆ ಹೋಗಲಿಲ್ಲ. ಹೊಸಿಲನ್ನು ನೋಡಿದಳು. ಬೆಳಗಿನ ರಂಗೋಲಿ ಇನ್ನೂ ಅಳಿಸಿರಲಿಲ್ಲ. ಅರಿಶಿನದ ಅಡಿಯಲ್ಲಿ ಬಿಳಿಯ ಗೆರೆ ಕಾಣುತ್ತಿತ್ತು, ಮೂಲೆ ಮುಕ್ಕಾಗಿತ್ತು. ನೋಡುತ್ತ ನೋಡುತ್ತ ಅದರ ಮೇಲೆಯೇ ಕೂತುಬಿಟ್ಟಳು. ಹೊಸಿಲ ಮೇಲೆ ಕೂರಬಾರದು ಎಂದು ಯಾವ ಮನೆಯಲ್ಲಾದರೂ ಗದರುತ್ತಾರೆ. ಅಲ್ಲಿ ಯಾರೂ ಗದರಲಿಲ್ಲ.

"ನೀರು ಕೊಡು" ಎಂದಳು ಗುಪ್ಪೆಗಾರನಿಗೆ.

'ಬಂದೆ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿ ನುಂಗಿದ. ಬಾಗಿಲಿಗೆ ಅವಳು ಅಡ್ಡ ಕೂತಿದ್ದಳು, ಏಳು ಎನ್ನುವ ಬಾಯಿ ಅವನಿಗಿರಲಿಲ್ಲ. ತನ್ನ ಮನೆಗೆ ತಾನೇ ಕಳ್ಳನ ಹಾಗೆ ಹಿತ್ತಲ ಬಾಗಿಲಿಂದ ಹೋದ. ಅಡುಗೆಮನೆಯ ಗುಡಾಣದಲ್ಲಿ ಲೋಟ ಅದ್ದಿ ತುಂಬಿ, ಓಡುತ್ತ ಬಂದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.

ಅವಳು ಅದನ್ನು ಕುಡಿಯಲಿಲ್ಲ. ತುಟಿ ಬಿರುಕು ಬಿಟ್ಟಿತ್ತು, ಆದರೂ ಕುಡಿಯಲಿಲ್ಲ. ಪಕ್ಕಕ್ಕೆ ಸರಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲಿನ ಬಿಳಿಯ ಗೆರೆಯ ಮೇಲೆ ನಿಧಾನವಾಗಿ ಹೊಯ್ದಳು. ಅರಿಶಿನ ಕರಗಿ ಅಂಗಳಕ್ಕೆ ಹಳದಿಯಾಗಿ ಹರಿಯಿತು.

"ತಡ ಆಯ್ತು ಕಣಮ್ಮ. ಮರಿ ಹಿಂದೆ ಹೋಗಿದ್ದೆ" ಎಂದಳು.

ಗುಪ್ಪೆಗಾರನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತಳು. ಬೀದಿಯಲ್ಲಿ ಊರು ಇನ್ನೂ ಬೆನ್ನು ತಿರುಗಿಸಿಯೇ ನಿಂತಿತ್ತು. ಹೇಳುವವನು ಹೇಳಿ ಮುಗಿಸಿ ಕಲ್ಲಿಟ್ಟ ಸದ್ದು ಕೇಳಿದ ಮೇಲೆ ತಿರುಗುವುದು ಕಟ್ಟಳೆ. ಆ ಸದ್ದಿಗಾಗಿ ಕಾಯುತ್ತಿದ್ದರು. ಅದು ಕೇಳಿಸಲೇ ಇಲ್ಲ. ನೀರು ಹೊಯ್ದ ಸದ್ದು ಮಾತ್ರ ಕೇಳಿಸಿತು. ಅದನ್ನು ಕೇಳಿ ಹಿರಿಯನಿಗೆ ಏನಾಯಿತೋ, ತಿರುಗಲಿಲ್ಲ, ಆದರೆ ತನ್ನ ಪಾದಗಳ ಕಡೆ ನೋಡಿಕೊಂಡ.

ಗುಪ್ಪೆಗಾರ ಅಂಗಳದಲ್ಲಿ ನಿಂತು ಕಾದ. ಹೇಳಿಯಾಗಿತ್ತು. ಅವಳಿಗೆ ಹೇಳಿದ್ದ, ಹೆಂಡತಿಗೆ ಹೇಳಿದ್ದ, ಊರಿಗೂ ಕೂಗಿ ಹೇಳಿದ್ದ. ನಾಚಿಕೆ ಇಳಿದು ಹೋಗುತ್ತದೇನೋ ಎಂದು ಮೈಯೆಲ್ಲ ತಡವಿ ನೋಡಿಕೊಳ್ಳುವವನಂತೆ ನಿಂತಿದ್ದ. ಇಳಿಯಲಿಲ್ಲ. ಅದು ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಬದುಕಿರುವವರಿಗೆ ಹೇಳಿದರೆ ಮರೆಯುವುದಿಲ್ಲ ಎಂದು ಅವನಿಗೆ ಈಗ ಗೊತ್ತಾಯಿತು.

ಕುರಿಯವಳು ಖಾಲಿ ಲೋಟ ಚಾಚಿದಳು.

"ಇನ್ನೊಂದು ತಾ. ಇದು ನಂಗೆ."

ಅವನು ಮತ್ತೆ ಹಿತ್ತಲಿಂದ ಒಳಗೆ ಹೋದ. ಮತ್ತೆ ಗುಡಾಣಕ್ಕೆ ಅದ್ದಿದ. ಈ ಸಲ ಲೋಟ ಕಂಠಮಟ್ಟ ತುಂಬಿತ್ತು. ಹಿತ್ತಲ ಬಾಗಿಲು ದಾಟಿ, ಗೋಡೆಯ ಮೂಲೆ ತಿರುಗಿ, ಎಂದಿನಂತೆ ನೆಲ ನೋಡಿಕೊಂಡು ಬರುತ್ತಿದ್ದ. ಅವಳು ಅಲ್ಲಿಂದಲೇ ಗದರಿದಳು.

"ನೆಲ ನೋಡ್ಕೊಂಡು ಬಂದ್ರೆ ಚೆಲ್ಲುತ್ತೆ ಕಣೋ. ತಲೆ ಎತ್ತು. ನನ್ನ ನೋಡ್ಕೊಂಡು ಬಾ."

ಅವನು ತಲೆಯೆತ್ತಿದ. ಕುತ್ತಿಗೆ ನೋಯಿತು. ಹೊಸಿಲ ಮೇಲೆ ಕೂತ ಅವಳ ಮುಖವನ್ನು ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನೋಡಿದ, ನೋಡುತ್ತಲೇ ನಡೆದು ಬಂದ. ಒಂದು ಹನಿ ಚೆಲ್ಲಲಿಲ್ಲ.